ಮಾಡಿನ ಮಾತು: ತಾರಸಿಗೆ ರಬ್ಬರ್ ಹಾಸುವ ಮೊದಲು

ಶಿವರಾತ್ರಿ ಕಳೆದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ತಾರಸಿ ಹತ್ತುತ್ತವೆ. ಈ ವರ್ಷ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಸ್ತುವಿನ ಬಗ್ಗೆ ಕೇಳುತ್ತಿವೆ. ಅದು ಸಮತಟ್ಟಾದ ಅಥವಾ ಇಳಿಜಾರು ಕಡಿಮೆಯಿರುವ ಮಾಡಿನ ಮೇಲೆ ಹಾಸುವ ಕೃತಕ ರಬ್ಬರ್ ಹಾಳೆ, ವ್ಯಾಪಾರದಲ್ಲಿ ಇಪಿಡಿಎಂ ಎಂದು ಕರೆಯುವಂಥದ್ದು. ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನ್ನುವ ಪತ್ತನಾಜೆಗೆ ಇನ್ನು ಎರಡೂವರೆ ತಿಂಗಳು ಇದೆ. ಕೆಲಸ ಮಾಡಿಸುವವರಿಗೆ ಇದೇ ಸರಿಯಾದ ಹೊತ್ತು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮದು 22 ವರ್ಷ ಹಳೆಯ ಮನೆ. 1,100 ಚದರ ಅಡಿ ತಾರಸಿ, ಸುತ್ತ ಮುರಕಲ್ಲಿನ ಮೋಟುಗೋಡೆ. ಮೂರು ಸಲ ಕೆಮಿಕಲ್ ಬಳಿಸಿದೆವು, ಒಮ್ಮೆ ಬೆಂಕಿ ಹಾಯಿಸಿ ಅಂಟಿಸುವ ಟಾರು ಶೀಟ್ ಹಾಕಿಸಿದೆವು. ಆದರೂ ಪ್ರತಿ ಆಟಿ ತಿಂಗಳ ಮಳೆಯಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಬಕೆಟ್ ಇಡುವುದು ತಪ್ಪಿಲ್ಲ. ರಬ್ಬರ್ ಹಾಳೆ ಹಾಸಿದರೆ 30 ವರ್ಷ ಚಿಂತೆಯಿಲ್ಲ ಎಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ? – ಗೃಹಿಣಿ, ಕಾಪು

ಉತ್ತರ: ಹಾಳೆಯ ಮಟ್ಟಿಗೆ 30 ವರ್ಷದ ಮಾತು ಸುಳ್ಳಲ್ಲ. ಒಳ್ಳೆಯ ಇಪಿಡಿಎಂ ಹಾಳೆ ಬಿಸಿಲು, ಮಳೆಗಳನ್ನು ಅಷ್ಟು ಕಾಲ ತಾಳಿದ ಉದಾಹರಣೆಗಳು ಹೊರದೇಶಗಳಲ್ಲಿ ಬೇಕಾದಷ್ಟಿವೆ. ಆದರೆ ಹಾಳೆ ಬಾಳುವುದು ಬೇರೆ, ಮಾಡು ಸೋರದಿರುವುದು ಬೇರೆ. 26 ವರ್ಷಗಳಿಂದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ತಾರಸಿಗಳ ಮೇಲೆ ಓಡಾಡುತ್ತಿದ್ದೇನೆ. ಹೊದಿಕೆಯ ನಟ್ಟನಡುವೆ ಸೋರಿದ ತಾರಸಿಗಳನ್ನು ನೋಡಿದ್ದು ಬಹಳ ಕಡಿಮೆ. ಗೋಡೆ ಮತ್ತು ನೆಲ ಸೇರುವ ಮೂಲೆ, ನೀರು ಇಳಿಯುವ ಕೊಳವೆಯ ಬಾಯಿ, ಟ್ಯಾಂಕಿನ ಪೈಪು ಸ್ಲ್ಯಾಬನ್ನು ತೂರಿ ಇಳಿದ ಜಾಗ, ಸೋಲಾರ್ ಹೀಟರಿನ ಕಾಲು, ಮೆಟ್ಟಿಲ ಕೋಣೆಯ ಹೊಸ್ತಿಲು, ಇವೇ ಸೋರುತ್ತವೆ.

ನೀವು ಮೂರು ಸಲವೂ ಬಳಿಸಿದ್ದು ನೆಲಕ್ಕೆ. ಸೋರುತ್ತಿರುವುದು ಮೂಲೆ. ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಮುರಕಲ್ಲಿನ ಮೋಟುಗೋಡೆಯ ಮೇಲೆ ನನಗೆ ಮೊದಲ ಗುಮಾನಿ. ಮುರಕಲ್ಲು ತೂತುತೂತಾದ ಕಲ್ಲು, ಎಡೆಬಿಡದ ಮಳೆಗೆ ನೀರನ್ನು ಹೀರಿಕೊಂಡು ಕೂರುತ್ತದೆ. ಗೋಡೆಯ ನೆತ್ತಿಯ ಗಾರೆ ಬಿರುಕು ಬಿಟ್ಟಿದ್ದರೆ ನೀರು ಅಲ್ಲಿ ಒಳಗೆ ಹೊಕ್ಕು, ಕಲ್ಲಿನೊಳಗಿಂದಲೇ ಕೆಳಗಿಳಿದು, ನಿಮ್ಮ ಕೆಮಿಕಲ್ಲಿನ ಕೆಳಗೆ, ಟಾರು ಶೀಟಿನ ಬೆನ್ನ ಹಿಂದೆ ಸ್ಲ್ಯಾಬಿಗೆ ಸೇರುತ್ತದೆ. ಮೇಲೆ ನೀವು ರಬ್ಬರನ್ನಲ್ಲ, ತಾಮ್ರದ ತಗಡನ್ನೇ ಹಾಸಿದರೂ ಆ ನೀರಿಗೆ ಅದು ಅಡ್ಡ ಬರುವುದಿಲ್ಲ. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗೋಡೆಗೆ ಒಣಗಲು ಬಿಡುವೇ ಇಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಈಗ ಮಳೆಯಿಲ್ಲ, ಸ್ಲ್ಯಾಬು ಒಣಗಿದೆ, ಒಳಗೆ ಕಲೆ ಹಸಿಯಾಗಿಲ್ಲ. ನೀರಿಳಿಯುವ ಕೊಳವೆಗಳ ಬಾಯಿ ಮುಚ್ಚಿ, ಸೋರುವ ಕೋಣೆಯ ಮೇಲಿನ ಭಾಗಕ್ಕೆ ಮಾತ್ರ ಇಟ್ಟಿಗೆ, ಜೇಡಿಮಣ್ಣಿನ ಕಟ್ಟೆ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ಇಡೀ ತಾರಸಿಗೆ ಒಮ್ಮೆಲೇ ತುಂಬಬೇಡಿ. 1,100 ಚದರ ಅಡಿಯ ಮೇಲೆ ಎರಡು ಇಂಚು ನೀರೆಂದರೆ 5 ಟನ್ನಿಗೂ ಹೆಚ್ಚು ಭಾರ, ಹಳೆಯ ಸ್ಲ್ಯಾಬಿಗೆ ಅದು ಬೇಡ. ಕಟ್ಟೆಯನ್ನು ಗೋಡೆಗೆ ತಾಗಿಸದೆ ಒಂದಡಿ ಈಚೆಗೆ ಕಟ್ಟಿ. ಎರಡು ದಿನ ಬಿಟ್ಟು ಒಳಗೆ ನೋಡಿ. ಕಲೆ ಎದ್ದರೆ ನೆಲವೇ ಸೋರುತ್ತಿದೆ. ಏಳದಿದ್ದರೆ ನೀರನ್ನು ಬಿಟ್ಟುಬಿಟ್ಟು, ಮರುದಿನ ಮೋಟುಗೋಡೆಯ ನೆತ್ತಿಗೆ ಪೈಪಿನಿಂದ ಒಂದು ಗಂಟೆ ನೀರು ಹಾಯಿಸಿ, ಸಂಜೆಯವರೆಗೆ ಕಾಯಿರಿ. ನಾನು ಕಂಡಂತೆ ಬಹಳಷ್ಟು ಮನೆಗಳಲ್ಲಿ ಗುಟ್ಟು ಹೊರಬೀಳುವುದು ಈ ಎರಡನೆಯ ಪರೀಕ್ಷೆಯಲ್ಲಿ.

ಗೋಡೆಯೇ ಕಾರಣವಾದರೆ ಮೊದಲು ಅದರ ನೆತ್ತಿಗೆ ಒಳಮುಖವಾಗಿ ಓರೆಯಿರುವ ಮುಚ್ಚುಗಲ್ಲು ಅಥವಾ ಕಾಂಕ್ರೀಟು ಹಾಕಿಸಿ. ಅದರ ಅಂಚು ಗೋಡೆಗಿಂತ ಒಂದೂವರೆ ಇಂಚು ಮುಂದಕ್ಕಿರಲಿ, ಅಂಚಿನ ಅಡಿಯಲ್ಲಿ ಬೆರಳಗಲದ ಗೀರು ಇರಲಿ. ಹನಿ ಅಲ್ಲೇ ಕಡಿದು ಬೀಳುತ್ತದೆ, ಗೋಡೆಗುಂಟ ಜಾರುವುದಿಲ್ಲ. ರಬ್ಬರ್ ಹಾಳೆಯ ಮಾತು ಆಮೇಲೆ. ಹಾಸುವುದಾದರೆ ಅದು ಮೂಲೆಯಲ್ಲಿ ನಿಲ್ಲಬಾರದು. ಗೋಡೆಯ ಮೇಲೆ ಕನಿಷ್ಠ ಎಂಟು ಇಂಚು ಏರಬೇಕು, ಮೇಲ್ತುದಿಗೆ ಅಲ್ಯುಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಬಿಗಿದು ಅದರ ತಲೆಗೆ ಸಂದು ಮುಚ್ಚುವ ಸೀಲಂಟ್ ಎಳೆಯಬೇಕು. ನಿಮ್ಮ ಮನೆ ಕಡಲಿಗೆ ಹತ್ತಿರವಿದ್ದರೆ ಸ್ಕ್ರೂಗಳು ತುಕ್ಕು ಹಿಡಿಯದ ಸ್ಟೀಲಿನವೇ ಆಗಿರಲಿ. ಮಾಮೂಲಿ ಸ್ಕ್ರೂ ಉಪ್ಪುಗಾಳಿಗೆ ಬೇಗ ಕರಗುತ್ತದೆ, ಪಟ್ಟಿ ಬಾಯಿ ಬಿಡುತ್ತದೆ.

ಇನ್ನೊಂದು ಮುಖ್ಯ ಮಾತು. ಇಪಿಡಿಎಂಗೂ ಟಾರಿಗೂ ಆಗಿಬರುವುದಿಲ್ಲ. ಟಾರಿನಲ್ಲಿರುವ ಎಣ್ಣೆಯನ್ನು ರಬ್ಬರು ಹೀರಿಕೊಂಡು ಮೆತ್ತಗಾಗುತ್ತದೆ, ಉಬ್ಬುತ್ತದೆ. ನಿಮ್ಮ ಹಳೆಯ ಟಾರು ಶೀಟನ್ನು ಕಿತ್ತು ತೆಗೆಯಬೇಕು, ಆಗದಿದ್ದರೆ ನಡುವೆ ತಕ್ಕ ದಪ್ಪದ ಬಟ್ಟೆಯ ಪದರ ಹಾಸಬೇಕು. “ಇರಲಿ ಬಿಡಿ, ಇದರ ಮೇಲೇ ಅಂಟಿಸುತ್ತೇವೆ” ಎಂದು ಹೇಳುವವರಿಗೆ ಕೆಲಸ ಕೊಡಬೇಡಿ.

ಪ್ರಶ್ನೆ: ನಾವು ರಬ್ಬರ್ ಬೆಳೆಗಾರರು. ನಮ್ಮ ಹೊಗೆಗೂಡಿನಲ್ಲಿ ರಾಶಿ ಹಾಳೆ ನೇತಾಡುತ್ತದೆ. ಅದನ್ನೇ ಜೋಡಿಸಿ ತಾರಸಿಗೆ ಹಾಸಬಾರದೇಕೆ? ಪೇಟೆಯ ರಬ್ಬರಿನಲ್ಲಿ ಅಂಥದ್ದೇನಿದೆ? – ಕೃಷಿಕ, ಸುಳ್ಯ

ಉತ್ತರ: ಈ ಪತ್ರ ಓದಿ ಬಹಳ ಖುಷಿಯಾಯಿತು. ಮನೆಯಲ್ಲಿರುವ ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ ಪ್ರಶ್ನೆಗೆ ತೂಕವೇ ಬೇರೆ.

ಹೊಗೆಗೂಡಿನ ಹಾಳೆ ಇನ್ನೂ ಬೇಯದ ಹಿಟ್ಟು. ಬಿಸಿಲಿಗೆ ಮೆತ್ತಗಾಗಿ ಅಂಟುತ್ತದೆ, ಒತ್ತಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಅದನ್ನು ಬೇಯಿಸುವ ಬಗೆಯನ್ನು. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಕೊಂಡಿ ಬೀಳುತ್ತದೆ. ಆಮೇಲೆ ಅದು ಕರಗುವುದಿಲ್ಲ, ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನಂತಾಗುತ್ತದೆ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾಗದು, ಹಾಗೆ.

ನಿಮ್ಮ ಹಾಳೆಯನ್ನು ಹಾಗೆ ಬೇಯಿಸಿ ತಾರಸಿಗೆ ಹಾಸಿದಿರೆಂದೇ ಇಟ್ಟುಕೊಳ್ಳೋಣ. ಹೆಚ್ಚು ಕಾಲ ಬಾಳುವುದಿಲ್ಲ. ನೈಸರ್ಗಿಕ ರಬ್ಬರಿನ ಎಳೆಯ ಬೆನ್ನೆಲುಬಿನಲ್ಲೇ ಜೋಡಿಬಂಧಗಳಿವೆ, ಎಂದರೆ ಎರಡು ಪರಮಾಣುಗಳ ನಡುವೆ ಎರಡೆರಡು ಕೊಂಡಿಗಳು. ಗಾಳಿಯಲ್ಲಿರುವ ಅಷ್ಟಿಷ್ಟು ಓಝೋನ್ ಆ ಜೋಡಿಬಂಧಗಳನ್ನು ಹುಡುಕಿ ಕಡಿಯುತ್ತದೆ. ಅಂಗಳದಲ್ಲಿ ಬಿಟ್ಟ ಹಳೆಯ ಸೈಕಲ್ ಟಯರನ್ನು ಬಗ್ಗಿಸಿ ನೋಡಿ. ಹೊರಬದಿಯಲ್ಲಿ ಕೂದಲೆಳೆಯಂಥ ಸೀಳುಗಳು ಸಾಲಾಗಿ ತೆರೆದುಕೊಳ್ಳುತ್ತವೆ. ಎಳೆತವಿದ್ದಲ್ಲಿ ಓಝೋನಿನ ಹಲ್ಲು ಬೇಗ ಊರುತ್ತದೆ. ಮಾಡಿನ ಹಾಳೆಯೋ ಹಗಲು ಹಿಗ್ಗಿ ರಾತ್ರಿ ಕುಗ್ಗಿ ಯಾವಾಗಲೂ ಎಳೆತದಲ್ಲೇ ಇರುತ್ತದೆ.

ಇಪಿಡಿಎಂ ಬೇರೆಯೇ ಕುಲ. ಎಥಿಲೀನ್ ಮತ್ತು ಪ್ರೊಪಿಲೀನ್ ಎಂಬ ಎರಡು ಅನಿಲಗಳನ್ನು ಒಂದಕ್ಕೊಂದು ಪೋಣಿಸಿ ಇದರ ಬೆನ್ನೆಲುಬನ್ನು ಮಾಡುತ್ತಾರೆ. ಅದರಲ್ಲಿ ಜೋಡಿಬಂಧವಿಲ್ಲ, ಓಝೋನಿಗೆ ಹಲ್ಲೂರಲು ಜಾಗವಿಲ್ಲ. ಆದರೆ ಗಂಧಕದ ಕೊಂಡಿ ಬೀಳಲು ಜೋಡಿಬಂಧ ಬೇಕೇ ಬೇಕು. ಅದಕ್ಕೆಂದೇ ಡೈಈನ್ ಎಂಬ ಮೂರನೆಯ ವಸ್ತುವನ್ನು ಒಂದಿಷ್ಟು ಸೇರಿಸುತ್ತಾರೆ. ಅದರ ಜೋಡಿಬಂಧ ಬೆನ್ನೆಲುಬಿನಲ್ಲಿ ಇರದೆ ಪಕ್ಕಕ್ಕೆ, ಕೊಂಬೆಯ ಹಾಗೆ ಚಾಚಿಕೊಂಡಿರುತ್ತದೆ. ಕೊಂಬೆ ಕಡಿದರೂ ಕಾಂಡ ಉಳಿಯುತ್ತದೆ. ಎಷ್ಟು ಸೊಗಸಾದ ಉಪಾಯ! ಇಂಥ ಪೋಣಿಸುವಿಕೆ ಸಾಧ್ಯವಾದದ್ದು ಜೀಗ್ಲರ್ ಮತ್ತು ನಟ್ಟಾ ಎಂಬ ರಸಾಯನ ವಿಜ್ಞಾನಿಗಳು ಕಂಡುಹಿಡಿದ ವೇಗವರ್ಧಕಗಳಿಂದ. ಅವರಿಗೆ 1963ರಲ್ಲಿ ನೊಬೆಲ್ ಬಂತು. ಈ ರಬ್ಬರು ಮಾರುಕಟ್ಟೆಗೆ ಬಂದದ್ದೂ ಅದೇ ದಶಕದಲ್ಲಿ. ನಿಮ್ಮ ಕಾರಿನ ಬಾಗಿಲಿನ ಸುತ್ತ ಇರುವ ಕಪ್ಪು ರಬ್ಬರ್ ಅಂಚನ್ನು ಮುಟ್ಟಿ ನೋಡಿ, ಸಾಮಾನ್ಯವಾಗಿ ಅದು ಇದೇ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತರೂ ಸೀಳುವುದಿಲ್ಲ. ಕಪ್ಪು ಬಣ್ಣ ಅದರಲ್ಲಿ ಬೆರೆಸಿದ ಇಂಗಾಲದ ನುಣುಪು ಮಸಿಯದ್ದು, ಬಿಸಿಲಿನ ನೇರಳಾತೀತ ಕಿರಣಗಳಿಗೆ ಅದೇ ಕೊಡೆ.

ನಿಮ್ಮ ಹಾಳೆ ಟಯರಿಗೆ ಹೋಗಲಿ. ಎಳೆತ, ತಿಕ್ಕಾಟಗಳ ಕೆಲಸದಲ್ಲಿ ಅದಕ್ಕೆ ಸರಿಸಾಟಿ ಇಲ್ಲ.

ಪ್ರಶ್ನೆ: ಹಾಳೆ ಹಾಸುವವರು ಮುಂದಿನ ವಾರ ಬರುತ್ತಾರೆ. ನಾನು ನಿವೃತ್ತ ಶಿಕ್ಷಕ, ಈ ಕೆಲಸದ ಗಂಧವಿಲ್ಲ. ಪಕ್ಕದಲ್ಲಿ ನಿಂತು ಏನನ್ನು ನೋಡಬೇಕು? – ಕೊಟ್ಟಾರ, ಮಂಗಳೂರು

ಉತ್ತರ: ಗಂಧವಿಲ್ಲ ಎನ್ನಬೇಡಿ. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವುದನ್ನು ನೋಡಿದ್ದೀರಷ್ಟೇ. ಅರ್ಧ ಕೆಲಸ ನಿಮಗೆ ಗೊತ್ತು.

ಪಂಕ್ಚರ್ ಅಂಗಡಿಯವನು ಏನು ಮಾಡುತ್ತಾನೆ? ತೂತಿನ ಸುತ್ತ ಉಜ್ಜುತ್ತಾನೆ. ಸೊಲ್ಯೂಷನ್ ಹಚ್ಚುತ್ತಾನೆ. ಕೂಡಲೇ ಅಂಟಿಸುವುದಿಲ್ಲ, ಟ್ಯೂಬನ್ನು ಬದಿಗಿಟ್ಟು ಇನ್ನೊಬ್ಬರ ಚಕ್ರ ಬಿಚ್ಚುತ್ತಾನೆ. ತಿರುಗಿ ಬಂದು ಬೆರಳಿನ ಬೆನ್ನಿನಿಂದ ಮುಟ್ಟುತ್ತಾನೆ. ಬೆರಳಿಗೆ ಅಂಟು ಎಳೆ ಬಿಡದಿದ್ದರೆ ಮಾತ್ರ ತೇಪೆ ಇಟ್ಟು ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾನೆ. ಆ ತೇಪೆಗೆ ಚೂಪಾದ ಮೂಲೆಗಳೂ ಇರುವುದಿಲ್ಲ, ಚೂಪು ಮೂಲೆ ಮೊದಲು ಏಳುತ್ತದೆ. ಇಪಿಡಿಎಂ ಜೋಡಿಸುವ ಶಾಸ್ತ್ರವೂ ಇದೇ: ಒರೆಸು, ಅಂಟು ಹಿಡಿಯಲೆಂದು ಮೊದಲು ಬಳಿಯುವ ಪ್ರೈಮರ್ ಹಚ್ಚು, ಕಾಯಿ, ಬೆರಳಿನಿಂದ ನೋಡು, ಅಂಟಿಸು, ಉರುಳೆಯಿಂದ ಒತ್ತು. ಬೆಂದ ರಬ್ಬರ್ ಆದ್ದರಿಂದ ಬಿಸಿಗಾಳಿಯಿಂದ ಕರಗಿಸಿ ಬೆಸೆಯಲು ಬರುವುದಿಲ್ಲ. ಟಿಪಿಒ, ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಗಳನ್ನು ಹಾಗೆ ಬೆಸೆಯುತ್ತಾರೆ, ಇದಕ್ಕೆ ಅಂಟುಪಟ್ಟಿಯೇ ಗತಿ.

ಇಲ್ಲಿ ಒಂದು ಘಟನೆ ಹೇಳಬೇಕು. ಬಂದರು ಪ್ರದೇಶದ ಒಂದು ಅಕ್ಕಿ ಗೋದಾಮಿಗೆ ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆ ಹಾಸಿದೆವು. ಮೇಲ್ವಿಚಾರಣೆ ನನ್ನದು. ಹುಡುಗರು ಟಾರು ಶೀಟಿನಲ್ಲಿ ಪಳಗಿದವರು, ಕೈಚಳಕಕ್ಕೆ ಕೊರತೆಯಿರಲಿಲ್ಲ. ಸಂಜೆ ನೋಡಿದಾಗ ಜೋಡಣೆಯ ಗೆರೆಗಳು ಗೀಟು ಹಾಕಿದಂತೆ ನೇರವಾಗಿದ್ದವು. ಜೂನ್ ಎರಡನೆಯ ವಾರ ಮಾಲೀಕರ ಕರೆ ಬಂತು. ಮಳೆಯಲ್ಲೇ ಹತ್ತಿ ಮಂಡಿಯೂರಿ ಕೂತೆ. ಜೋಡಣೆಯ ತುದಿಗೆ ಉಗುರು ಹಾಕಿದೆ. ಅಂಚೆ ಲಕೋಟೆ ಬಿಚ್ಚಿದಂತೆ ಒಂದು ಅಡಿ ಉದ್ದಕ್ಕೆ ಸದ್ದಿಲ್ಲದೆ ಬಿಚ್ಚಿಕೊಂಡಿತು. ಅಂಟುಪಟ್ಟಿ ಚೆನ್ನಾಗಿಯೇ ಅಂಟಿತ್ತು, ಆದರೆ ಹಾಳೆಗಲ್ಲ. ಪಟ್ಟಿಯ ಮೇಲೆ ತೆಳುವಾದ ಬಿಳಿ ಪುಡಿ ಕೂತಿತ್ತು. ಬೆರಳಿಗೆ ಹತ್ತಿಸಿ ತಿಕ್ಕಿದೆ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು.

ಕಾರ್ಖಾನೆಯಲ್ಲಿ ಹಾಳೆಯನ್ನು ಸುರುಳಿ ಸುತ್ತಿ ಬೇಯಿಸುವಾಗ ಪದರಗಳು ಒಂದಕ್ಕೊಂದು ಅಂಟದಿರಲೆಂದು ಟಾಲ್ಕ್ ಅಥವಾ ಅಭ್ರಕದ ಪುಡಿ ಉದುರಿಸಿರುತ್ತಾರೆ. ಅದನ್ನು ಒರೆಸಿ ತೆಗೆದು ಪ್ರೈಮರನ್ನು ತಿಕ್ಕಿ ತಿಕ್ಕಿ ಹಚ್ಚಬೇಕು. ನಮ್ಮ ಹುಡುಗರು ಗೋಡೆಗೆ ಬಣ್ಣ ಬಳಿದಂತೆ ಬ್ರಷ್ಷಿನಿಂದ ಬಳಿದಿದ್ದರು. ನಾನು ಗೆರೆಯ ನೇರವನ್ನು ನೋಡಿದೆ, ಚಿಂದಿಬಟ್ಟೆಯನ್ನು ನೋಡಲಿಲ್ಲ. ಕೆಳಗೆ ನೆನೆದ ಮೂಟೆಗಳನ್ನು ಹೊರಗೆ ಹೊತ್ತು ಹಾಕುತ್ತಿದ್ದವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಆ ನಷ್ಟದಲ್ಲಿ ನನ್ನ ಪಾಲನ್ನು ಕೊಟ್ಟೆ. ಇಡೀ ಜೋಡಣೆಯನ್ನು ಅಕ್ಟೋಬರಿನಲ್ಲಿ ಮತ್ತೆ ಮಾಡಿಸಿದೆ.

ಆದ್ದರಿಂದ ಸರ್, ನೀವು ಚಿಂದಿಬಟ್ಟೆಯನ್ನು ನೋಡಿ. ಒರೆಸಿದ ಬಟ್ಟೆ ಬೂದುಬಣ್ಣಕ್ಕೆ ತಿರುಗಬೇಕು, ಆಗಾಗ ಹೊಸದನ್ನು ತೆಗೆದುಕೊಳ್ಳಬೇಕು. ಒರೆಸಿದ ಜಾಗ ಕಡುಗಪ್ಪಾಗಿ, ಒಂದೇ ಸಮನಾಗಿ ಕಾಣಬೇಕು. ಸುರುಳಿ ಬಿಚ್ಚಿದ ಕೂಡಲೇ ಅಂಟಿಸಲು ಬಿಡಬೇಡಿ, ಅರ್ಧ ಗಂಟೆಯಾದರೂ ಹಾಗೇ ಹರಡಿ ಬಿಡಲಿ. ಸುತ್ತಿಟ್ಟ ರಬ್ಬರಿನ ಸೆಳೆತ ಸಡಿಲವಾಗಬೇಕು, ಇಲ್ಲದಿದ್ದರೆ ಅಂಟಿದ ಮೇಲೆ ಎಳೆಯುತ್ತಿರುತ್ತದೆ. ಬೆಳಿಗ್ಗೆ ಏಳಕ್ಕೆ ಕೆಲಸ ಶುರು ಮಾಡುವುದೂ ಬೇಡ. ನಮ್ಮ ಕಡೆ ಮಾರ್ಚಿಯಲ್ಲೂ ತಾರಸಿಯ ಮೇಲೆ ಇಬ್ಬನಿ ಕೂತಿರುತ್ತದೆ, ಅದು ಆರಿದ ಮೇಲೆ ಪ್ರೈಮರಿನ ಡಬ್ಬ ತೆರೆಯಲಿ. ಅಂಟಿನ ದ್ರಾವಕ ಆವಿಯಾಗುವಾಗ ಮೇಲ್ಮೈಯನ್ನು ತಂಪು ಮಾಡುತ್ತದೆ. ಗಾಳಿ ತೇವವಾಗಿದ್ದರೆ ಆ ತಂಪಿಗೆ ಕಣ್ಣಿಗೆ ಕಾಣದಷ್ಟು ನೀರು ಅಂಟಿನ ಮೇಲೇ ಕೂರುತ್ತದೆ.

ಮೂಲೆಗಳಿಗೆ ಮತ್ತು ಪೈಪಿನ ಬುಡಕ್ಕೆ ಹಾಳೆಯನ್ನು ಕತ್ತರಿಸಿ ಮಡಚಿ ಅಂಟಿಸಿದರೆ ಒಪ್ಪಬೇಡಿ. ಅದಕ್ಕೆಂದೇ ಅರೆಬೆಂದ, ಕೈಗೆ ಬೇಕಾದಂತೆ ಬಗ್ಗುವ ತುಂಡುಗಳೂ, ಪೈಪಿಗೆ ಟೋಪಿಯಂತೆ ಕೂರುವ ಅಚ್ಚಿನ ತುಂಡುಗಳೂ ಸಿಗುತ್ತವೆ. ಅವು ಡಬ್ಬದಲ್ಲಿ ಇವೆಯೇ ಎಂದು ಮೊದಲ ದಿನವೇ ಕೇಳಿ. ಕೆಲಸ ಮುಗಿದ ಮರುದಿನ ಮೊಂಡುತುದಿಯ ಸ್ಕ್ರೂಡ್ರೈವರನ್ನು ಜೋಡಣೆಯ ಅಂಚಿನಗುಂಟ ಮೆಲ್ಲಗೆ ಎಳೆಯಿರಿ. ತುದಿ ಒಳಗೆ ಹೊಕ್ಕಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ನಲ್ವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈಗೆ ಇದು ಹೊಸ ಕೆಲಸವೇನಲ್ಲ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಸಣ್ಣ ಹೋಟೆಲ್. ಅಡುಗೆಮನೆಯ ಹೊಗೆಕೊಳವೆ ತಾರಸಿಯಲ್ಲಿ ತೆರೆದುಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಹಾಸಿದ ರಬ್ಬರ್ ಹಾಳೆ ಕೊಳವೆಯ ಸುತ್ತ ಅಲೆಅಲೆಯಾಗಿ ಎದ್ದಿದೆ. ಹಾಳೆ ಕಳಪೆಯೇ?

ಉತ್ತರ: ಹಾಳೆಯ ತಪ್ಪಲ್ಲ, ಜಾಗದ ತಪ್ಪು. ದಿನವಿಡೀ ಗೋಳಿಬಜೆ, ಬನ್ಸ್ ಕರಿಯುವ ಬಾಣಲೆಯ ಆವಿ ಕೊಳವೆಯ ಬಾಯಲ್ಲಿ ತಣಿದು ಜಿಡ್ಡಾಗಿ ಇಳಿಯುತ್ತದೆ. ನೀರಿಗೆ, ಓಝೋನಿಗೆ ಬಗ್ಗದ ಇಪಿಡಿಎಂ ಎಣ್ಣೆಗೆ ಸೋಲುತ್ತದೆ. ಎರಡೂ ಒಂದೇ ಜಾತಿಯ ಅಣುಗಳಾದ್ದರಿಂದ ಎಣ್ಣೆ ಒಳಗೆ ಇಳಿಯುತ್ತದೆ, ಹಾಳೆ ಊದಿಕೊಳ್ಳುತ್ತದೆ, ಊದಿದ್ದಕ್ಕೆ ಜಾಗ ಸಾಲದೆ ಅಲೆ ಏಳುತ್ತದೆ. ಕೊಳವೆಯ ಸುತ್ತ ಊದಿದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಅಷ್ಟು ಜಾಗದಲ್ಲಿ ಜಿಡ್ಡು ತಾಳುವ ಬಗೆಯ ಪಿವಿಸಿ ಹಾಳೆಯನ್ನು, ಎರಡನ್ನೂ ಬಲ್ಲವರಿಂದ ಹಾಕಿಸಿ. ಕೊಳವೆಯ ಬುಡಕ್ಕೆ ಜಿಡ್ಡು ಹಿಡಿಯುವ ತಟ್ಟೆ ಇಟ್ಟು ವಾರಕ್ಕೊಮ್ಮೆ ಖಾಲಿ ಮಾಡಿಸಿ. ತಟ್ಟೆ ತುಂಬಿ ಚೆಲ್ಲಿದರೆ ಯಾವ ಹಾಳೆಯೂ ಉಳಿಯುವುದಿಲ್ಲ.

ಇದೇ ಕಾರಣಕ್ಕೆ ಮನೆಗಳವರಿಗೂ ಒಂದು ಮಾತು. ರಬ್ಬರ್ ಹಾಸಿದ ತಾರಸಿಯಲ್ಲಿ ಕೊಬ್ಬರಿ ಒಣಗಿಸಬೇಡಿ. ಮೀನನ್ನೂ ನೇರವಾಗಿ ಹರಡಬೇಡಿ. ಕಪ್ಪು ಹಾಳೆ ಚೆನ್ನಾಗಿ ಕಾಯುತ್ತದೆ, ಬೇಗ ಒಣಗುತ್ತದೆ ಎಂದು ಆಸೆಯಾಗುವುದು ಸಹಜ. ಆದರೆ ಬಿಸಿಲಿಗೆ ಕಾದ ಕೊಬ್ಬರಿ ಎಣ್ಣೆ ಬಿಡುತ್ತದೆ. ಹಪ್ಪಳ, ಸಂಡಿಗೆಗಳಿಗೆ ತೊಂದರೆಯಿಲ್ಲ, ಕೆಳಗೆ ಚಾಪೆ ಇರಲಿ.

ಪ್ರಶ್ನೆ: ಅಂಗಡಿಯಲ್ಲಿ “ರಬ್ಬರ್ ಪೇಂಟ್” ಎಂದು ಬಕೆಟ್ಟಿನಲ್ಲಿ ಮಾರುತ್ತಾರೆ. ಅದೂ ಇದೂ ಒಂದೇ ಅಲ್ಲವೇ? – ಬ್ರಹ್ಮಾವರ

ಉತ್ತರ: ಅಲ್ಲ. ಬಕೆಟ್ಟಿನಲ್ಲಿ ಸಿಗುವುದು ಹೆಚ್ಚಾಗಿ ಹಿಗ್ಗುವ ಗುಣವಿರುವ ಅಕ್ರಿಲಿಕ್ ಅಥವಾ ಪಾಲಿಯುರಿಥೇನ್ ಲೇಪ. ಕೆಟ್ಟದ್ದೇನಲ್ಲ, ಆದರೆ ಅದರ ದಪ್ಪ ಬಳಿಯುವವನ ಕೈಯಲ್ಲಿದೆ. ಒಂದು ಲೀಟರನ್ನು ಒಂದು ಚದರ ಮೀಟರಿಗೆ, ಎಂದರೆ ಸುಮಾರು 11 ಚದರ ಅಡಿಗೆ ಬಳಿದರೆ ಹಸಿಯಲ್ಲಿ ಒಂದು ಮಿಲಿಮೀಟರ್ ದಪ್ಪ. ಲೇಪದಲ್ಲಿ ಅರ್ಧ ಭಾಗ ನೀರಿದ್ದರೆ ಒಣಗಿದ ಮೇಲೆ ಉಳಿಯುವುದು ಅರ್ಧ ಮಿಲಿಮೀಟರ್. ಅದೇ ಲೀಟರನ್ನು 40 ಚದರ ಅಡಿಗೆ ಎಳೆದರೆ ಏನು ಉಳಿದೀತೆಂದು ನೀವೇ ಲೆಕ್ಕ ಹಾಕಿ. ಇಪಿಡಿಎಂ ಹಾಳೆಯ ದಪ್ಪ ಕಾರ್ಖಾನೆಯಲ್ಲೇ ನಿಗದಿ, ಸಾಮಾನ್ಯವಾಗಿ 1.1ರಿಂದ 1.5 ಮಿಲಿಮೀಟರ್. ತೆಳುವಾಗಿಸಿ ಉಳಿಸುವ ದಾರಿ ಅಲ್ಲಿಲ್ಲ.

ಪ್ರಶ್ನೆ: ಸ್ಲ್ಯಾಬಿನ ಅಡಿಯಿಂದ ಕಾಂಕ್ರೀಟಿನ ಚಕ್ಕೆ ಬೀಳುತ್ತಿದೆ, ಕೆಂಪು ಕಂಬಿ ಕಾಣುತ್ತಿದೆ. ಮೇಲೆ ರಬ್ಬರ್ ಹಾಸಿದರೆ ನಿಲ್ಲುವುದೇ? – ಮಲ್ಪೆ

ಉತ್ತರ: ನಿಲ್ಲುವುದಿಲ್ಲ. ದಯವಿಟ್ಟು ಹಾಳೆಯ ಯೋಚನೆಯನ್ನು ಇವತ್ತೇ ಬದಿಗಿಡಿ. ಕಡಲ ಬದಿಯಲ್ಲಿ ಉಪ್ಪಿನ ಅಂಶ ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತುಕ್ಕು ಹತ್ತಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಇದು ಕಟ್ಟಡದ ಬಲದ ಪ್ರಶ್ನೆ. ರಚನಾ ಎಂಜಿನಿಯರರನ್ನು ಕರೆಸಿ ತೋರಿಸಿ. ಅಲ್ಲಿಯವರೆಗೆ ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಎಲ್ಲರೂ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಮಾಡು ಕಟ್ಟಿಸಿದ್ದಾರೆ. ಅದಿರುವಾಗ ರಬ್ಬರ್ ಯಾರಿಗೆ ಬೇಕು? – ಬಿಜೈ, ಮಂಗಳೂರು

ಉತ್ತರ: ನಿಮ್ಮ ಬೀದಿಯವರು ದಡ್ಡರಲ್ಲ. ನನ್ನ ತಂದೆ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಗೂಡಿನ ಕೆಲಸಗಾರರಾಗಿದ್ದರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಹಂಚು ಸುಡಲು ಶುರು ಮಾಡಿದ್ದು ಅದೇ ಜೆಪ್ಪುವಿನಲ್ಲಿ. ನಮ್ಮ ಮಳೆಗೆ ನೀರನ್ನು ನಿಲ್ಲಗೊಡದ ಓರೆ ಮಾಡೇ ಮದ್ದು ಎಂದು ತಂದೆ ಹೇಳುತ್ತಿದ್ದರು, ನಾನು ಅದನ್ನು ಇಂದಿಗೂ ನಂಬುತ್ತೇನೆ. ನಾಲ್ಕು ದಶಕಗಳಲ್ಲಿ ಹಂಚು ಇಳಿಸಿ ಸಮತಟ್ಟು ಸ್ಲ್ಯಾಬು ಹಾಕಿ, ಅದು ಸೋರಿದಾಗ ಮತ್ತೆ ಮೇಲೊಂದು ಓರೆ ಮಾಡು ಕಟ್ಟಿದ ಮನೆಗಳ ನಡುವೆ ನಾವಿದ್ದೇವೆ. ಶೀಟ್ ಮಾಡಿಗೆ ಅನುಮತಿ, ಗಾಳಿಗೆ ತಕ್ಕ ಬಿಗಿತ, ತುಕ್ಕಿಗೆ ಬಣ್ಣ ಇವು ಮೂರೂ ಇದ್ದರೆ ಅದು ಒಳ್ಳೆಯ ಪರಿಹಾರವೇ. ಬಟ್ಟೆ ಒಣಗಲು, ಅಡಿಕೆ ಹರಡಲು ಜಾಗವೂ ಸಿಗುತ್ತದೆ. ಬಿಗಿತದ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದದ್ದು ನೆನಪಿರಲಿ.

ರಬ್ಬರ್ ಬೇಕಾಗುವುದು ಶೀಟ್ ಕಟ್ಟಲಾಗದ ಕಡೆ: ಫ್ಲ್ಯಾಟುಗಳ ಸಾಮೂಹಿಕ ತಾರಸಿ, ಸೋಲಾರ್ ಫಲಕಗಳು ತುಂಬಿದ ತಾರಸಿ, ಮೇಲೆ ಮತ್ತೊಂದು ಮಹಡಿ ಏರಿಸುವ ಯೋಚನೆಯಿರುವ ಮನೆ, ಬಾಲ್ಕನಿಯ ಮೇಲಿನ ಚಪ್ಪಟೆ ಚಾಚು. ಅಲ್ಲೂ ಇಳಿಜಾರು ಬೇಕು. ಹತ್ತು ಅಡಿಗೆ ಒಂದೂಕಾಲು ಇಂಚಾದರೂ ಇಳಿಯಬೇಕು, ಎರಡೂವರೆ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆ ನಿಂತು ಎರಡು ದಿನವಾದರೂ ನೀರು ಆರದ ಗುಂಡಿಗಳನ್ನು ಹಾಳೆ ಹಾಸುವ ಮೊದಲೇ ತುಂಬಿಸಬೇಕು. ನಮ್ಮಲ್ಲಿ ಜುಲೈಯಲ್ಲಿ ಎರಡು ದಿನ ಮಳೆ ನಿಲ್ಲುವುದೇ ಅಪರೂಪ, ಆದ್ದರಿಂದ ಈಗಲೇ ಪೈಪಿನಿಂದ ನೀರು ಹಾಯಿಸಿ ನೋಡಿಕೊಳ್ಳಿ. ಇನ್ನು ಸೆಕೆ. ಕಪ್ಪು ಹಾಳೆ ಏಪ್ರಿಲ್ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಕೆಳಗೆ ಮಲಗುವ ಕೋಣೆಗಳಿದ್ದರೆ ಹಾಳೆಯ ಅಡಿಯಲ್ಲಿ ಶಾಖ ತಡೆಯುವ ಹಲಗೆ ಹಾಕಿಸಿ, ಇಲ್ಲವೇ ಬಿಳಿ ಮೇಲ್ಮೈಯ ಹಾಳೆಯನ್ನು ಕೇಳಿ.

ಪ್ರಶ್ನೆ: ತಾರಸಿಯಲ್ಲಿ 80 ಕುಂಡಗಳಲ್ಲಿ ಮಲ್ಲಿಗೆ ಬೆಳೆಯುತ್ತಿದ್ದೇನೆ. ಹೂವಿನಿಂದಲೇ ಮಗಳ ಕಾಲೇಜಿನ ಖರ್ಚು ಸಾಗುತ್ತಿದೆ. ಸ್ಲ್ಯಾಬು ತೇವವಾಗುತ್ತಿದೆ. ರಬ್ಬರ್ ಹಾಸಿದರೆ ಕುಂಡ ಇಡಬಹುದೇ? ಮತ್ತೆ, ಈಗ ಹೂವಿನ ಕಾಲ, ಕುಂಡ ಸರಿಸಲಾರೆ. ಜೂನ್ ಮೊದಲ ವಾರ ಮಾಡಿಸಿದರೆ ಆಗದೇ? – ಶಂಕರಪುರ

ಉತ್ತರ: ಇಡಬಹುದು, ಖಂಡಿತ ಇಡಬಹುದು. ಹೊರದೇಶಗಳಲ್ಲಿ ಇಡೀ ತೋಟವನ್ನೇ ಇದರ ಮೇಲೆ ಬೆಳೆಸುತ್ತಾರೆ. ಮೊದಲು 80 ಕುಂಡಗಳ ಹಸಿಮಣ್ಣಿನ ಭಾರವನ್ನು ಸ್ಲ್ಯಾಬು ಹೊರುತ್ತದೆಯೇ ಎಂದು ಎಂಜಿನಿಯರರಲ್ಲಿ ಕೇಳಿ, ಆದಷ್ಟೂ ಕುಂಡಗಳನ್ನು ಗೋಡೆಗಳ ಮತ್ತು ತೊಲೆಗಳ ನೆತ್ತಿಗೆ ಬರುವಂತೆ ಜೋಡಿಸಿ. ಪ್ರತಿ ಕುಂಡದಡಿಗೆ ದಪ್ಪ ರಬ್ಬರಿನ ತುಂಡೊಂದನ್ನು ಇಡಿ, ಕುಂಡವನ್ನು ಎಂದೂ ಎಳೆಯಬೇಡಿ, ಎತ್ತಿ ಇಡಿ. ಹಾಳೆ ಸಾಯುವುದು ಮುಳ್ಳಿನಿಂದಲ್ಲ, ಕುಂಡದ ಅಡಿ ಸಿಕ್ಕಿಕೊಂಡ ಜಲ್ಲಿಕಲ್ಲಿನಿಂದ. ಹಿಂಡಿ ನೆನೆಸಿದ ನೀರು ಹಾಕುತ್ತೀರೆಂದು ಕಾಣುತ್ತದೆ. ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತದೆ, ಆದ್ದರಿಂದ ಕುಂಡದ ಕೆಳಗೆ ತಟ್ಟೆ ಇರಲಿ, ಚೆಲ್ಲಿದ್ದನ್ನು ಸೋಪುನೀರಿನಿಂದ ತೊಳೆಯಿರಿ. ಗೆಲ್ಲು ಕತ್ತರಿಸುವ ಕತ್ತರಿ ಕೈಜಾರಿ ಹಾಳೆಗೆ ಬಿದ್ದರೆ ಗಾಬರಿಯಾಗಬೇಡಿ, ಮೇಲೆ ಹೇಳಿದ ಪಂಕ್ಚರ್ ಶಾಸ್ತ್ರವೇ ಸಾಕು.

ಜೂನ್ ಮಾತ್ರ ಬೇಡ. ಹೂವು ಕೈಗೆ ಬಂದ ಕಾಲದಲ್ಲಿ ಕುಂಡ ಸರಿಸುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹಸಿ ಸ್ಲ್ಯಾಬಿನ ಮೇಲೆ ಅಂಟಿಸಿದ ಹಾಳೆಯ ಕೆಳಗೆ ಸಿಕ್ಕಿಕೊಂಡ ತೇವ ಬಿಸಿಲು ಬಂದ ದಿನ ಆವಿಯಾಗಿ ಹಾಳೆಯನ್ನು ಪೂರಿಯಂತೆ ಉಬ್ಬಿಸುತ್ತದೆ. ತಾರಸಿಯನ್ನು ಎರಡು ಪಾಲು ಮಾಡಿ. ಏಪ್ರಿಲಿನಲ್ಲಿ ಒಂದು ಪಾಲಿನ ಕುಂಡಗಳನ್ನು ಇನ್ನೊಂದು ಪಾಲಿಗೆ ಒತ್ತಾಗಿ ಸರಿಸಿ ಒಂದು ಕಡೆ ಮುಗಿಸಿ, ನಂತರ ಇನ್ನೊಂದು ಕಡೆ. ಗಿಡಕ್ಕೆ ಒಂದೆರಡು ವಾರದ ಇಕ್ಕಟ್ಟು, ಅಷ್ಟೇ. ಕುಂಡ ಸರಿಸಿದ ಜಾಗ ಒಣಗಲು ನಾಲ್ಕೈದು ದಿನದ ಒಳ್ಳೆಯ ಬಿಸಿಲು ಬೇಕು. ಒಣಗಿದೆಯೇ ಎಂದು ಕಣ್ಣಿಗೆ ಕಾಣದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಸ್ಲ್ಯಾಬಿನ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಸಂಜೆ ಅಂಟಿಸಿದರೆ ಮರುದಿನ ಬೆಳಿಗ್ಗೆ ಹತ್ತು, ಹನ್ನೊಂದು ಗಂಟೆಗೆ, ಎಂದರೆ 16 ಗಂಟೆ ಕಳೆದ ಮೇಲೆ ಬಿಚ್ಚಿ ನೋಡಿ. ಪ್ಲಾಸ್ಟಿಕ್ಕಿನ ಒಳಬದಿಯಲ್ಲಿ ಹನಿ ಕಂಡರೆ, ಅಥವಾ ಕೆಳಗಿನ ಕಾಂಕ್ರೀಟು ಕಪ್ಪೇರಿದ್ದರೆ, ಹಾಳೆಯ ಸುರುಳಿಯನ್ನು ಅಂದು ಬಿಚ್ಚಲು ಬಿಡಬೇಡಿ. ಇನ್ನೆರಡು ದಿನ ಬಿಸಿಲಿಗೆ ಬಿಟ್ಟು ಮತ್ತೆ ಪ್ಲಾಸ್ಟಿಕ್ ಅಂಟಿಸಿ.